ಎರಡನೇ ಸೂಜಿ

ಸ್ಪಿರಿಟ್ಟಿನ ವಾಸನಿ ಮೂಗಿಗೆ ಬಡೀತು, ನರ್ಸಿನ ಹತ್ತಿ ತೊಡಿಗೆ ತಾಗಿದ ಕೂಡ್ಲೆ ಕೂಸು ಕಾಲು ಝಾಡಿಸಿತು, ತಣ್ಣಗಾತೇನೋ ಪಾಪ, ನಿಂಗವ್ವ ಅದನ್ನ ಇನ್ನಷ್ಟು ಬಿಗಿಯಾಗಿ ಅವಚಿಕೊಂಡಳು— ಈಗ ಬಾಯಿ ತಗೀತದ, ಈಗ ಅಳತದ, ದೇವರೇ, ಅಳಬಾರದು. ಖಾನಾಪುರದಾಗ ಲಸಿಕಿಯ ಮೊದಲನೇ ಸೂಜಿ ಮಾಡಿಸಿದ ದಿನಾನೂ ಹಿಂಗ, ಸಂಜೀತನಕ ಜ್ವರ, ಸಂಜೀತನಕ ಅಳು, ಗಂಡ ಭರಮಪ್ಪ ಒಳಗ ಬಂದವನ ಯಾರನ್ನ ಕೇಳಿ ಚುಚ್ಚಿಸಿದಿ ಅಂದ, ಅಂದವನು ಉತ್ತರಕ್ಕ ಕಾಯಲಿಲ್ಲ, ಬಾರಕೋಲು ತಗೊಂಡ. ಬೆನ್ನಿಂದು ಹೋಗಲಿ, ಬೆನ್ನು ಮರೀತದ. ಆದರ ಅವತ್ತಿನಿಂದ ಕೂಸು ಬಾಯಿ ತಗದ್ರ ಸಾಕು, ಸೆರಗು ಉಂಡಿ ಮಾಡಿ ಆ ಬಾಯಿಗೆ ಒತ್ತಿ ಹಿತ್ತಲಕ್ಕ ಓಡೂದು, ಸುಮ್ಮನಿರ ನನ್ನವ್ವಾ, ಸುಮ್ಮನಿರ— ಎಂಥಾ ತಾಯಿ ಆಕಿ, ಹಡದ ಮಗಳ ಬಾಯಿಗೆ ಸೆರಗು ಒತ್ತಾಕಿ. ಒಂದಿನ ಆ ಸಣ್ಣ ಮಾರಿ ನೀಲಿಗಟ್ಟಿತು. ಮರುದಿನ ಮುಂಜಾನೇನ ಕೂಸಿನ್ನ ಎತ್ತಿಕೊಂಡು ರೈಲಗಾಡಿ ಹತ್ತಿದಳು, ದೇಸೂರ ದಾಟಿದರೂ ಸೆರಗಿನ ಮುದ್ದಿ ಕೈಯಾಗ ಹಂಗ ಇತ್ತು, ಬೆಳಗಾವಿ ಸ್ಟೇಶನ್ನಿನಾಗ ಹೆಣ್ಣು ಪೊಲೀಸೊಬ್ಬಾಕಿ ಯಾಕವಾ ಹಿಂಗ ಕುಂತಿ ಅಂತ ಕೇಳಿ, ಕರಕೊಂಡು ಬಂದು ಖಾಸಬಾಗದ ಈ ಸರಕಾರದ ಆಸರಿ ಮನಿಗೆ ಬಿಟ್ಟಳು.

ಉಣ್ಣಾಕ ಇಕ್ಕತಾರ, ಮಲಗಾಕ ಜಾಗಾ ಕೊಟ್ಟಾರ, ಇನ್ನ ಕೂಸಿಗೆ ಎರಡನೇ ಸೂಜೀನೂ ಹಾಕಸ್ರಿ ಅಂದ್ರ ಅತೀ ಆದೀತು, ಗಂಡನ ಮನಿ ಬಿಟ್ಟ ಬಂದಾಕಿಗೆ ಅದೆಲ್ಲ ಎಲ್ಲೀದು, ಅಂತ ತುಟಿ ಹೊಲಕೊಂಡ ಕುಂತಿದ್ದಳು, ಹುಚ್ಚಿ, ಬರೇ ಹುಚ್ಚಿ. ಇವತ್ತ ನರ್ಸ್ ಬಿಲ್ಕೀಸ ತಾನ ಔಷಧದ ಡಬ್ಬಿ ಹಿಡಕೊಂಡ ಬಾಗಲಕ್ಕ ಬಂದಳು, ಕೈ ಮುಗಿಯಾಕ ಹೋದ್ರ ನಕ್ಕಳು, ನನಗ್ಯಾಕ ಕೈ ಮುಗೀತಿ ತಂಗಿ, ಕೂಸು ಎಲ್ಲಿರತದೋ ಅಲ್ಲಿಗೆ ಬಂದು ಹಾಕೂದು ಸರಕಾರದ ಕೆಲಸ, ಇದಕ್ಕ ನಿನ್ನ ಗಂಡನ ಅಪ್ಪಣಿ ಬೇಕಾಗಿಲ್ಲ. ಬೇಕಾಗಿಲ್ಲಂತ. ಖರೇ ಏನು? ಖರೇನ ಇರಬೇಕು, ಡಬ್ಬಿ ಬಂದದಲ್ಲ, ಸೂಜಿ ಬಂದದಲ್ಲ— ಹೋತು, ಒಳಗ ಹೋತು, ಕೂಸು ಉಸಿರು ಹಿಡೀತು, ಮಾರಿ ಕೆಂಪಾತು, ಬಾಯಿ ತಗೀತು. ಕಿರೋ ಅಂತು. ನಿಂಗವ್ವನ ಕೈ ತಾನ ಸೆರಗಿಗೆ ಹೋತು, ಕಾಲು ಹಿತ್ತಲ ಹುಡುಕಿದುವು, ಅಡಿಗಿ ಮಾಡೂ ಸಿದ್ದಕ್ಕ ಹಿಟ್ಟಿನ ಕೈಲೇ ಬಂದು ಆಕಿ ಮಣಿಕಟ್ಟು ಹಿಡದಳು, ಸೆರಗು ತಗೀಯವಾ, ಅಳಲಿ ಬಿಡು, ಇಲ್ಲಿ ಯಾರೂ ಏನೂ ಅನ್ನೂದಿಲ್ಲ.

ನಿಂಗವ್ವ ಬಾಗಲದ ಕಡೆ ನೋಡಿದಳು. ಯಾರೂ ಬರಲಿಲ್ಲ. ಬಾಜೂಕಿನ ಹೆಣ್ಣುಮಗಳು ತಲಿ ಬಾಚಕೋತನ ಇದ್ದಾಳ, ಬಿಲ್ಕೀಸ ಡಬ್ಬಿ ಮುಚ್ಚಾಕತ್ಯಾಳ, ರೊಟ್ಟಿ ಹೊತ್ತಿದ ವಾಸನಿಗೆ ಸಿದ್ದಕ್ಕ ಅಯ್ಯ ಅಂತ ಒಳಗ ಓಡಿದಳು— ರೊಟ್ಟಿ ಹೊತ್ತಿದ್ದು ಇಲ್ಲಿ ದೊಡ್ಡ ಮಾತು, ಕೂಸಿನ ಅಳು ಏನೂ ಅಲ್ಲ. ನಗಿ ಬಂತು, ಸಂಗಾಟನ ಕಣ್ಣೀರು, ಎಷ್ಟ ಹಗುರ ಅನಸಾಕತ್ತಿತು ಮೈಯೆಲ್ಲ. ಅಳ ನನ್ನವ್ವಾ, ಗಟ್ಟಿ ಅಳು, ಖಾಸಬಾಗಕ್ಕೆಲ್ಲ ಕೇಳಲಿ— ಸೆರಗು ಇಲ್ಲದ ಆ ಬಾಯಿ ಎಷ್ಟ ದೊಡ್ಡದು, ನಾಲಿಗಿ ಹೆಂಗ ನಡಗತದ, ಕೆಳಗಿನ ವಸಡಿನಾಗ ಅದೇನು ಬೆಳ್ಳಗ, ನಿನ್ನೆ ಹಾಲು ಕುಡಿಯೂವಾಗ ಚುರ್ ಅಂದದ್ದು ಇದೇನ, ಅಕ್ಕಿ ನುಚ್ಚಿನಷ್ಟು, ಹಲ್ಲು, ಒಂದು ಹಲ್ಲು—