ಹದಿಮೂರರ ಮಗ್ಗಿ

ದೀಪ ಹಚ್ಚುವ ಹೊತ್ತಾದರೂ ಗಂಗಿಯ ಜ್ವರ ಇಳಿಯಲಿಲ್ಲ. ತಾಯಿ ನಾಗವ್ವನಿಗೆ ಕೈಕಾಲು ಆಡದಂತಾಯಿತು. ಪುಣೆಯಲ್ಲಿ ಪ್ಲೇಗು ಮತ್ತೆ ಕಾಣಿಸಿಕೊಂಡು ಹದಿನೈದು ದಿನವಾಗಿತ್ತು. ಯಾರದೇ ಮೈ ಬಿಸಿಯಾಗಿದೆ ಎಂದು ಸುದ್ದಿ ಸಿಕ್ಕರೂ ಸರಕಾರದವರು ಗಾಡಿ ತಂದು ಊರ ಹೊರಗಿನ ಕ್ಯಾಂಪಿಗೆ ಸಾಗಿಸುತ್ತಿದ್ದರು. ಹೋದವರಲ್ಲಿ ತಿರುಗಿ ಬಂದವರು ಕಡಿಮೆ.

ಸುದ್ದಿ ಮುಚ್ಚಿಡೋಣವೆಂದರೆ ಗಂಡ ಮುರುಗೆಪ್ಪ ಮಾಡಿಟ್ಟ ವ್ಯವಸ್ಥೆ ಕೇಳಬೇಡಿ. ಕಚೇರಿಯ ಕಾರಕೂನ, ಮಗ್ಗಿ ಬಾಯಿಗೆ ಬರಬೇಕಾದರೆ ಗಟ್ಟಿಯಾಗಿ ಒದರಬೇಕು ಎನ್ನುವುದು ಅವನ ಹಟ. ಏಳು ವರ್ಷದ ಮಗಳು ದಿನಾ ದೀಪಕ್ಕೆ ಕೈಮುಗಿದು, ಒಂದೇ ಅಂಗಳಕ್ಕೆ ನಾಲ್ಕು ಕನ್ನಡ ಮನೆಗಳಿದ್ದ ಆ ವಾಡೆಗೆಲ್ಲ ಕೇಳುವಂತೆ ಮಗ್ಗಿ ಹೇಳುತ್ತಿದ್ದಳು. ನಾಗವ್ವ ಹುಣಸೆಬೀಜ ಸಾಲುಸಾಲಾಗಿ ಇಟ್ಟು ಲೆಕ್ಕ ತೋರಿಸುವಳು; ಅಕ್ಷರ ಬಾರದಿದ್ದರೂ ಹನ್ನೆರಡರವರೆಗೆ ಅವಳಿಗೂ ಬಾಯಿಪಾಠವಾಗಿತ್ತು. ಯಜಮಾನರೇನೋ ಕೆಲಸದ ಮೇಲೆ ಶಿರೂರಿಗೆ ಹೋಗಿ ಕೂತಿದ್ದರು. ನಾಳೆ ಹದಿಮೂರರದ್ದು ಹೇಳುತ್ತೇನೆಂದು ಗಂಗಿ ನಿನ್ನೆಯೇ ವಾಡೆಯ ತುಂಬ ಡಂಗುರ ಸಾರಿ ಬಂದಿದ್ದಳು. ಈಗ ಸುಮ್ಮನಿದ್ದರೆ ಎಲ್ಲರಿಗೂ ಅನುಮಾನ ಬರುತ್ತದೆ.

ಎಲ್ಲರಿಗಿಂತ ಹೆಚ್ಚಿನ ಹೆದರಿಕೆ ಗೋಡೆಯಾಚೆಯ ಭೀಮವ್ವನದು. ಹೋದ ವರ್ಷ, ಗಂಗಿಯ ಹಾಗೇ ಮಗ್ಗಿ ಒದರುತ್ತಿದ್ದ ಸ್ವಂತ ಮೊಮ್ಮಗನಿಗೆ ಜ್ವರ ಬಂದಾಗ ತಾನೇ ಹೇಳಿಕಳಿಸಿ ಗಾಡಿ ತರಿಸಿದ ಹೆಂಗಸು. ಹುಡುಗ ಕ್ಯಾಂಪಿನಲ್ಲೇ ತೀರಿಕೊಂಡ. ಮೊಮ್ಮಗನನ್ನೇ ಬಿಡದವಳು ನೆರೆಮನೆಯ ಕೂಸನ್ನು ಬಿಟ್ಟಾಳೆಯೆ?

ನಾಗವ್ವ ಬಾಗಿಲಿಗೆ ಅಗಳಿ ಹಾಕಿ, ಬೀಜ ಹರಡಿಕೊಂಡು ಕೂತು, ದನಿ ಸಣ್ಣದು ಮಾಡಿ ಮಗಳ ಹಾಗೆ ಶುರುಮಾಡಿದಳು. ಹನ್ನೆರಡರವರೆಗೆ ಸರಾಗವಾಗಿ ಸಾಗಿತು. ಹದಿಮೂರಕ್ಕೆ ಬೆವರು ಕಿತ್ತುಕೊಂಡಿತು. ಸಾಲಿಗೆ ಹದಿಮೂರು ಬೀಜ ಇಟ್ಟು, ಎಣಿಸಿ ಎಣಿಸಿ ಆರರವರೆಗೆ ಹೇಗೋ ಬಂದಳು. ಅಷ್ಟರಲ್ಲಿ ಹಾಸಿಗೆಯಲ್ಲಿ ಗಂಗಿ ನರಳಿದಳು. ತಟ್ಟನೆ ಅತ್ತ ತಿರುಗಿದ ನಾಗವ್ವನ ಮೊಣಕಾಲು ತಗಲಿ ಬೀಜಗಳೆಲ್ಲ ಕಲಸಿಹೋದವು.

“ಹದಿಮೂರೇಳ್ಲೆ ತೊಂಬತ್ಮೂರು,” ಎಂದುಬಿಟ್ಟಳು.



“ತೊಂಬತ್ತೊಂದು,” ಎಂದಳು ಗೋಡೆಯಾಚೆಯಿಂದ ಭೀಮವ್ವ.

ಆಮೇಲೆ ಹೆಜ್ಜೆಯ ಸದ್ದು, ಬಾಗಿಲು ತಟ್ಟಿದ ಸದ್ದು. ತೆರೆಯದೆ ಗತಿಯಿರಲಿಲ್ಲ. ಭೀಮವ್ವ ಒಳಗೆ ಬಂದು ತಾನೇ ಅಗಳಿ ಹಾಕಿದಳು. ಗಂಗಿಯ ಕಂಕುಳು, ತೊಡೆಸಂದಿ ಮುಟ್ಟಿ ಮುಟ್ಟಿ ಪ್ಲೇಗಿನ ಗಂಟು ಹುಡುಕಿದಳು. ನಾಗವ್ವ ಅವಳ ಕಾಲು ಹಿಡಿದುಕೊಂಡು, ಯಾರಿಗೂ ಹೇಳಬೇಡಿರೆಂದು ಅತ್ತಳು.

“ಗಂಟಿಲ್ಲ. ಇನ್ನೂ ಎರಡ ದಿನಾ ನೋಡಬೇಕು,” ಎಂದಳು ಭೀಮವ್ವ. ಗಂಗಿಯ ಹೊದಿಕೆ ಸರಿಮಾಡುತ್ತ ಹೇಳಿದಳು: “ಅಲ್ಲೆ ಔಷಧಾ ಕೊಡ್ತಾರಂತ ತಿಳದು ಕಳಿಸಿದ್ನವಾ ನಾ. ಅಂವ ಹೋಗೂಮುಂದ ನನ್ನ ಸೆರಗ ಬಿಡಲಿಲ್ಲ. ನಾನ ಬಿಡಿಸಿದೆ.”

ಅಂಗಳದಿಂದ ಯಾರೋ, ಗಂಗಿ ಯಾಕೆ ನಿಲ್ಲಿಸಿದಳೆಂದು ಕೂಗಿ ಕೇಳಿದರು. ನಾಗವ್ವ ಗಾಬರಿಯಿಂದ ಕಲಸಿಹೋದ ಬೀಜಗಳನ್ನು ಮತ್ತೆ ಸಾಲು ಹಚ್ಚತೊಡಗಿದಳು. ಭೀಮವ್ವ ಕೂಸಿನ ಬಿಸಿ ಕೈಯನ್ನು ತನ್ನ ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು, ಎಳೆಯ ಹುಡುಗನೊಬ್ಬನ ದನಿ ತೆಗೆದು, ಹದಿಮೂರೆಂಟ್ಲೆ ನೂರಾನಾಲ್ಕು ಎಂದು ಮುಂದುವರಿಸಿದಳು.