ಮಳೆಯ ದಿನದ ಬಡಿತ

ಲಾತಾನಿಯೆ ನದಿಯ ಮೇಲಿನ ರೈಲು ಸೇತುವೆಯನ್ನು ಒಡೀಲ್ ನಾಕಾಂ ಈಗ ಕೈಯಿಂದ ಮುಟ್ಟುವುದಿಲ್ಲ. ಸೇತುವೆ ಇರುವುದು ಲೂಯಿಸಿಯಾನ ರಾಜ್ಯದ ದಕ್ಷಿಣದ ಜೌಗಿನಲ್ಲಿ. ಅವಳು ಕೂರುವುದು ಬೆಳಿಗ್ಗೆ ಹೊರಟರೆ ಮಧ್ಯಾಹ್ನಕ್ಕೆ ಮುಟ್ಟುವಷ್ಟು ದೂರದ ಪಟ್ಟಣದಲ್ಲಿ, ಕಿಟಕಿಯೇ ಇಲ್ಲದ ಒಂದು ಕೋಣೆಯಲ್ಲಿ. ಕಣ್ಣಿಗೆ ಪರದೆಗಳು, ಕಿವಿಗೆ ರೇಡಿಯೋ, ಬೆರಳಿಗೆ ಒಂದು ಗುಂಡಿ. ಗುಂಡಿ ಒತ್ತಿದರೆ ಅಲ್ಲಿ ಆಕಾಶಕ್ಕೆ ಚಾಚಿದ ಉಕ್ಕಿನ ತೋಳು ಮೆಲ್ಲಗೆ ಇಳಿದು ಹಳಿ ಕೂಡುತ್ತದೆ, ರೈಲು ದಾಟುತ್ತದೆ. ಆಮೇಲೆ ತೋಳು ಮತ್ತೆ ಏಳುತ್ತದೆ, ದೋಣಿಗಳಿಗೆ ದಾರಿಯಾಗುತ್ತದೆ.

ಮೊದಲು ಹೀಗಿರಲಿಲ್ಲ. ಸೇತುವೆಯ ಮೇಲೇ ಒಂದು ತಗಡಿನ ಮನೆ ಇತ್ತು. ಒಂದು ಪಾಳಿ ಒಡೀಲ್‌ಳದು, ಇನ್ನೊಂದು ಆಲ್ಸೀಡ್ ವೆರೆಟ್‌ನದು. ಊರಿಗೆಲ್ಲ ಅವನು ನಾಂಕ್ ಆಲ್ಸೀಡ್. ಆ ಸೀಮೆಯಲ್ಲಿ ನಾಂಕ್ ಎಂದರೆ ಮಾವನೂ ಹೌದು, ಚಿಕ್ಕಪ್ಪನೂ ಹೌದು, ಬೈದರೆ ತಿರುಗಿ ಬೈಯಬಾರದ ಹಿರಿಯನೂ ಹೌದು. ಒಡೀಲ್‌ಗೆ ಕೆಲಸ ಕಲಿಸಿದ್ದು ಅವನೇ. "ತೋಳು ಇಳಿಸೋಕೆ ಬುದ್ಧಿ ಬೇಡ ಮಗಳೇ, ಬಗ್ಗಿ ನೋಡೋಕೆ ಸೊಂಟ ಇರ್ಬೇಕು ಅಷ್ಟೆ" ಎನ್ನುತ್ತಿದ್ದ.

ಬಗ್ಗಿ ನೋಡಲು ಕಾರಣವಿತ್ತು. ತೋಳಿನ ತುದಿ ಬಂದು ಕೂರುವ ಕಂಬದ ಬುಡದಲ್ಲಿ, ಸರಕು ಹೊರುವ ಬಾರ್ಜುಗಳು ಗುದ್ದದಿರಲೆಂದು ಮರದ ದಪ್ಪ ಗೂಟಗಳನ್ನು ಸಾಲಾಗಿ ನೆಟ್ಟಿದ್ದಾರೆ. ಆ ಗೂಟಗಳ ಒಳಮೂಲೆಯಲ್ಲಿ ನೀರು ಆಳ, ನೆರಳು ದಟ್ಟ, ಮೀನು ಬಹಳ. ಊರಿನವರು ಚಪ್ಪಟೆ ದೋಣಿಗಳನ್ನು ಅಲ್ಲೇ ಕಟ್ಟಿ ಗಾಳ ಹಾಕಿಕೊಂಡು ತೂಕಡಿಸುವುದು ತಲೆಮಾರುಗಳ ರೂಢಿ. ತೋಳು ಇಳಿದರೆ ನೀರಿಗೂ ಉಕ್ಕಿಗೂ ನಡುವೆ ಒಬ್ಬ ಮನುಷ್ಯ ಕುಳಿತಿರುವಷ್ಟು ಜಾಗ ಉಳಿಯುವುದಿಲ್ಲ. ಹಾಗಾಗಿ ನಾಂಕ್ ಪ್ರತಿಸಲ ಕಟಕಟೆಗೆ ಹೊಟ್ಟೆ ಒತ್ತಿ ಬಗ್ಗಿ, ಕೆಳಗಿದ್ದವರನ್ನು ಹೆಸರು ಹಿಡಿದು ಬೈದು ಎಬ್ಬಿಸಿ, ಎಲ್ಲ ಹೋದ ಮೇಲೆ ಸ್ಪ್ಯಾನರಿನಿಂದ ಕಬ್ಬಿಣದ ಮೇಲೆ ಬಡಿಯುತ್ತಿದ್ದ. ಎರಡು ಬಡಿತ, ಒಂದು ಉಸಿರು ಬಿಟ್ಟು ಮತ್ತೊಂದು. ಕೆಳಗೆ ಯಾರೂ ಇಲ್ಲ, ಇಳಿಸು ಎಂದು ಅರ್ಥ.

ತಗಡಿನ ಮನೆಗೆ ಕಂಪನಿ ಬೀಗ ಹಾಕಿದಾಗ ಒಡೀಲ್ ಪಟ್ಟಣದ ಕುರ್ಚಿಗೆ ಹೋದಳು. ನಾಂಕ್ ಹೋಗಲಿಲ್ಲ. ಸಂಬಳ ನಿಂತರೂ ಅವನ ದಿನಚರಿ ನಿಲ್ಲಲಿಲ್ಲ. ರೈಲಿನ ಹೊತ್ತಿಗೆ ದೋಣಿ ಹುಟ್ಟುಹಾಕಿಕೊಂಡು ಬಂದು, ಗೂಟಗಳ ಮೂಲೆಯಿಂದ ಎಲ್ಲರನ್ನೂ ಅಟ್ಟಿ, ತಾನೂ ಹೊರಗೆ ಬಂದು, ಗೂಟಗಳ ಅಂಚಿನ ಕಬ್ಬಿಣದ ಪಟ್ಟಿಗೆ ಬಡಿಯುತ್ತಿದ್ದ. ಸೇತುವೆಯ ಮೇಲೆ ಮೈಕ್ ಇಟ್ಟಿದ್ದು ದೋಣಿಗಳ ಹಾರನ್ ಕೇಳಲಿ ಎಂದು. ಅದರಲ್ಲಿ ಈ ಬಡಿತವೂ ಕೇಳುತ್ತಿತ್ತು. ಕ್ಯಾಮೆರಾಗಳಿಗೆ ಆ ಮೂಲೆ ಕಾಣುವುದಿಲ್ಲ, ಅಡ್ಡ ಇದ್ದದ್ದನ್ನು ಪತ್ತೆಹಚ್ಚಲು ನೀರಿನ ಮೇಲೆ ಹಾಯಿಸುವ ಕಿರಣಗಳಿಗೂ ಅದು ಸಿಗುವುದಿಲ್ಲ ಎಂಬುದು ಒಡೀಲ್‌ಗೆ ಗೊತ್ತಿತ್ತು. ಹೇಳಿಯೂ ಇದ್ದಳು. "ನೋಡೋಣ" ಎಂದಿದ್ದರು. ಅದಕ್ಕೇ ಅವಳು ಪರದೆ ನೋಡುತ್ತಿದ್ದಳು, ಅಡ್ಡ ಏನೂ ಇಲ್ಲ ಎನ್ನುವ ಹಸಿರು ದೀಪ ನೋಡುತ್ತಿದ್ದಳು, ಆದರೆ ಬೆರಳು ಏಳುತ್ತಿದ್ದುದು ಬಡಿತ ಕೇಳಿದ ಮೇಲೆಯೇ.

ಕ್ರಿಸ್‌ಮಸ್ ಹತ್ತಿರ ಬಂದಾಗ ನಾಂಕ್ ಆಲ್ಸೀಡ್ ನಿದ್ದೆಯಲ್ಲೇ ಹೋಗಿಬಿಟ್ಟ. ಒಡೀಲ್ ಮಣ್ಣಿಗೆ ಹೋಗಿದ್ದಳು. ಪೆಟ್ಟಿಗೆಯಲ್ಲಿ ಅವನ ಕೈ ಪಕ್ಕದಲ್ಲಿ ಹೆಂಡತಿ ಯೂಲಾ, ಊರಿಗೆಲ್ಲ ತಾಂತ್ ಎಂದರೆ ಅತ್ತೆಯಾದವಳು, ಸ್ಪ್ಯಾನರ್ ಇಟ್ಟಿದ್ದನ್ನು ಕಣ್ಣಾರೆ ಕಂಡಿದ್ದಳು. ಪಾದ್ರಿ ಹುಬ್ಬೇರಿಸಿದರೂ ಹಾಗೇ ಪೆಟ್ಟಿಗೆ ಮುಚ್ಚಿಸಿದ್ದ.

ಮರಳಿ ಕುರ್ಚಿಯಲ್ಲಿ ಕೂತ ಮೊದಲ ಬೆಳಿಗ್ಗೆ ರೈಲು ದಾರಿ ಕೇಳಿತು. ಒಡೀಲ್ ಗುಂಡಿಯ ಮೇಲೆ ಬೆರಳಿಟ್ಟು, ಇನ್ನು ಮೇಲೆ ಇದನ್ನು ಕುರುಡಾಗಿ ಒತ್ತಬೇಕಲ್ಲ ಎಂದು ಕೂತಿದ್ದಳು. ಆಗ ಮೈಕಿನಲ್ಲಿ ಬಂತು. ಎರಡು ಬಡಿತ. ಉಸಿರು. ಮತ್ತೊಂದು.

ಸ್ಪ್ಯಾನರ್ ಪೆಟ್ಟಿಗೆಯೊಡನೆ ಮಣ್ಣು ಸೇರಿದ್ದನ್ನು ಅವಳೇ ಕಂಡಿದ್ದಳು. ಆದರೂ ಬೆರಳು ತನ್ನ ಪಾಡಿಗೆ ತಾನು ಒತ್ತಿತು.

ನದಿಯಲ್ಲಿ ಬಾರ್ಜು ತಳ್ಳುವ ಟಗ್ ದೋಣಿ ಓಡಿಸುವ ರಾಯ್ಸ್ ದುಪ್ಲಾಂಟಿಯನ್ನು ರೇಡಿಯೋದಲ್ಲಿ ಉಪಾಯವಾಗಿ ಕೇಳಿದಳು. "ಕ್ಯಾಪ್ಟನ್, ನಾಂಕ್ ಕೂರೋ ಜಾಗದಲ್ಲಿ ಈಗ ಯಾರು ಕೂರ್ತಾರೆ?"

"ಯಾರೂ ಕಾಣಲ್ಲಮ್ಮ. ಅವನ ಬಾಯಿಗೆ ಹೆದರಿ ಓಡಿಹೋಗಿದ್ದ ಮೀನೆಲ್ಲ ವಾಪಸ್ ಬಂದಿರ್ಬೇಕು. ಯಾಕೆ, ನೀನು ಬಂದು ಗಾಳ ಹಾಕ್ತೀಯಾ? ಆ ಏಸಿ ರೂಮಲ್ಲಿ ಕೂತು ಕೂತು ನಿನ್ನ ರಕ್ತ ತೆಳ್ಳಗಾಗಿದೆ, ನಮ್ಮ ಸೊಳ್ಳೆಗಳಿಗೂ ಬೇಡವಾಗ್ತೀಯ."

ಅವಳು ನಕ್ಕಳು. ಮತ್ತೆ ಕೇಳಲಿಲ್ಲ. ಕೇಳಿದ್ದರೆ ಮೈಕಿನ ವಿಷಯ ಹೇಳಬೇಕಾಗುತ್ತಿತ್ತು. ಸತ್ತವನ ಬಡಿತ ಕೇಳಿ ರೈಲು ಬಿಡುವವಳನ್ನು ಯಾವ ಕಂಪನಿ ಕುರ್ಚಿಯಲ್ಲಿ ಇಟ್ಟುಕೊಂಡೀತು?

ಬಡಿತ ದಿನವೂ ಬಂತು. ಬಿಸಿಲಿದ್ದ ದಿನ ಸದ್ದು ತೆಳ್ಳಗೆ, ಪಾತ್ರೆ ಪಾತ್ರೆಗೆ ತಾಗಿದ ಹಾಗೆ. ಮಳೆಯಿದ್ದ ದಿನ ದಪ್ಪಗೆ, ಎದೆಯೊಳಗೆ ಇಳಿಯುವ ಹಾಗೆ. ಗಾಳಿಯ ತೇವಕ್ಕೆ ಕಬ್ಬಿಣದ ದನಿ ಬದಲಾಗುತ್ತದೆ ಎಂದುಕೊಂಡಳು. ಒಂದು ದಿನ ಬಡಿತ ತಡವಾಯಿತು, ಅವಳು ಕಾದಳು, ರೈಲೂ ಕಾಯಿತು. ಮೇಲಧಿಕಾರಿ ಹಾರ್ಮನ್ ಬಂದು ಅವಳ ಮೇಜಿನ ಮೂಲೆಗೆ ಒರಗಿ ನಿಂತ. "ಮಿಸ್ ಒಡೀಲ್, ದೀಪ ಹಸಿರಾದ್ಮೇಲೂ ಏನಕ್ಕೆ ಕಾಯ್ತೀರಿ? ಇನ್ನೊಂದ್ಸಲ ಹೀಗಾದ್ರೆ ಈ ಕುರ್ಚಿಗೆ ಬೇರೆಯವರನ್ನ ಹುಡುಕ್ಬೇಕಾಗುತ್ತೆ. ನಂಗಿಷ್ಟ ಇಲ್ಲ, ಆದ್ರೆ ಮೇಲಿನೋರು ನನ್ನ ಕೇಳ್ತಾರೆ." ಅವನು ಕೆಟ್ಟವನಲ್ಲ. ಅದೇ ತೊಂದರೆ. ಕೆಟ್ಟವನಾಗಿದ್ದರೆ ಒಂದು ಸುಳ್ಳು ಹೇಳಿ ಮುಗಿಸಬಹುದಿತ್ತು.

ಲೆಂಟ್ ಉಪವಾಸದ ದಿನಗಳು ಶುರುವಾದ ಮೇಲಿನ ಒಂದು ಬೆಳಿಗ್ಗೆ ನದಿಯ ಮೇಲೆ ಮಂಜು ಕೂತಿತು. ಎಂಥ ಮಂಜು ಎಂದರೆ, ಒಡೀಲ್‌ಳ ಪರದೆಗಳೆಲ್ಲ ಹಾಲು ಚೆಲ್ಲಿದ ಮೇಜಿನಂತೆ ಬೆಳ್ಳಗಿದ್ದವು. ಸಾಮಾನು ರೈಲು ಬಂದು ಸೇತುವೆಯ ಈಚೆ ನಿಂತು ದಾರಿ ಕೇಳಿತು. ನದಿಯ ಮೇಲ್ಹರಿವಿನಲ್ಲಿ ರಾಯ್ಸ್ ತನ್ನ ಬಾರ್ಜುಗಳನ್ನು ತಡೆದು ನಿಲ್ಲಿಸಿಕೊಂಡು, ತೋಳು ಇಳಿದು ಮತ್ತೆ ಏಳಲೆಂದು ಕಾಯುತ್ತಿದ್ದ. ಒಡೀಲ್ ರೇಡಿಯೋದಲ್ಲಿ ಎಚ್ಚರಿಕೆ ಹೇಳಿದಳು, ಹಾರನ್ ಕೂಗಿಸಿದಳು, ಕಿರಣಗಳನ್ನು ನೋಡಿದಳು. ಎಲ್ಲ ಹಸಿರು. ನಿಯಮ ಕೇಳುವುದು ಅಷ್ಟನ್ನೇ.

ಬಡಿತ ಬರಲಿಲ್ಲ.

ಅವಳು ಧ್ವನಿ ಹೆಚ್ಚಿಸಿದಳು. ನೀರು ಗೂಟಗಳಿಗೆ ತಾಗುವ ಸದ್ದು, ದೂರದ ಟಗ್ಗಿನ ಗುರುಗುಟ್ಟು. ಇಷ್ಟು ದಿನ ಆ ಬಡಿತ ಕೇಳಿದರೆ ಹೆದರುತ್ತಿದ್ದಳು. ಈಗ ಕೇಳದಿರುವುದು ಅದಕ್ಕಿಂತ ಹೆಚ್ಚಾಗಿ ಹೆದರಿಸಿತು. ಕೆಳಗೆ ಯಾರೂ ಇಲ್ಲ ಎಂದು ಹೇಳಲು ಬರುತ್ತಿದ್ದವನು ಇವತ್ತು ಸುಮ್ಮನಿದ್ದಾನೆ ಎಂದರೆ?

"ಸೇತುವೆ, ನಮ್ಮನ್ನ ಈಸ್ಟರ್ ತನಕ ನಿಲ್ಲಿಸ್ತೀರಾ?" ಎಂದು ರೈಲಿನ ಚಾಲಕ ಕೇಳಿದ.

ಹಾರ್ಮನ್ ಆಗಲೇ ಹಿಂದೆ ಬಂದು ನಿಂತಿದ್ದ. "ಮಿಸ್ ಒಡೀಲ್. ಹಸಿರಿದೆ."

"ಇದೆ ಸರ್."

"ಮತ್ತೆ?"

ಅವಳು ಬೆರಳನ್ನು ಗುಂಡಿಯಿಂದ ತೆಗೆದು ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡಳು. "ನಾನು ಒತ್ತಲ್ಲ ಸರ್. ಗೂಟಗಳ ಮೂಲೆ ಯಾರಾದ್ರೂ ನೋಡೋ ತನಕ ಒತ್ತಲ್ಲ. ಬೇಕಾದ್ರೆ ನೀವೇ ಒತ್ತಿ, ನಾನು ಎದ್ದು ಹೋಗ್ತೀನಿ."

ಹಾರ್ಮನ್ ಗುಂಡಿಯನ್ನು ನೋಡಿದ. ಅವಳ ಮುಖ ನೋಡಿದ. ಅವನ ಕೈಯೂ ಮುಂದೆ ಬರಲಿಲ್ಲ.

ಒಡೀಲ್ ರೇಡಿಯೋ ಎತ್ತಿಕೊಂಡಳು. "ಕ್ಯಾಪ್ಟನ್ ರಾಯ್ಸ್, ನಿನ್ನ ಸಣ್ಣ ದೋಣಿ ಇಳಿಸಿ ನಾಂಕ್ ಕೂರೋ ಮೂಲೆ ಒಂದ್ಸಲ ನೋಡಿ ಬಾ."

"ಈ ಮಂಜಲ್ಲಾ? ನಂಗೆ ನನ್ನ ಮೂಗೇ ಕಾಣ್ತಿಲ್ಲ."

"ನಿನ್ನ ಮೂಗು ಕಾಣದಿದ್ರೆ ಅದು ಮಂಜಿನ ತಪ್ಪಲ್ಲ, ಕಣ್ಣಿಂದು. ಹೋಗು, ಪುಣ್ಯ ಬರುತ್ತೆ."

ಬೈದುಕೊಂಡೇ ಅವನು ಹೋದ. ಮೈಕಿನಲ್ಲಿ ಸಣ್ಣ ಎಂಜಿನಿನ ಸದ್ದು ಹತ್ತಿರವಾಯಿತು, ನಿಂತಿತು. ಮತ್ತೆ ಬರೀ ನೀರು. ಆಮೇಲೆ ರಾಯ್ಸ್‌ನ ದನಿ, ತಮಾಷೆಯೆಲ್ಲ ಉದುರಿದ ದನಿ, ರೇಡಿಯೋದಲ್ಲೂ ಮೈಕಿನಲ್ಲೂ ಒಟ್ಟಿಗೆ ಕೇಳಿತು.

"ತೋಳು ಮುಟ್ಟಬೇಡ ಒಡೀಲ್. ಇಲ್ಲಿ ಆಲ್ಸೀಡನ ದೋಣಿ ಇದೆ."

ಹಾರ್ಮನ್ ಫೋನಿನ ಕಡೆ ಕೈ ಚಾಚಿದ.

"ತಾಂತ್ ಯೂಲಾ. ಬಿದ್ಕೊಂಡಿದಾಳೆ. ಒಂದು ಕೈ ನೀರಲ್ಲಿದೆ. ತಡಿ… ಜೀವ ಇದೆ. ಉಸಿರಾಡ್ತಿದಾಳೆ. ಅವಳ ಸಕ್ಕರೆ ಕಾಯಿಲೆ ಇರ್ಬೇಕು. ಆಂಬುಲೆನ್ಸ್‌ಗೆ ಹೇಳು, ನಾನು ದಡಕ್ಕೆ ತರ್ತೀನಿ."

ಹಾರ್ಮನ್ ಫೋನ್ ಮಾಡಿದ. ಮೂಲೆ ಖಾಲಿಯಾಯಿತೆಂದು ರಾಯ್ಸ್ ಹೇಳಿದ ಮೇಲೆ ಒಡೀಲ್ ತೋಳು ಇಳಿಸಿದಳು, ರೈಲು ದಾಟಿತು. ಆಮೇಲೆ ಹಾರ್ಮನ್ ಎರಡು ಲೋಟ ಕಾಫಿ ತಂದು ಅವಳೆದುರು ಕುರ್ಚಿ ಎಳೆದುಕೊಂಡ. "ಹೇಗೆ ಗೊತ್ತಾಯ್ತು ನಿಮ್ಗೆ?"

ಅವಳು ಎಲ್ಲವನ್ನೂ ಹೇಳಿದಳು. ಕಾಫಿ ಆರುವವರೆಗೂ ಅವನು ಕೇಳಿಸಿಕೊಂಡ. "ನಾನು ಮೇಲಿನೋರಿಗೆ ಮಂಜು ಅಂತ ಹೇಳ್ತೀನಿ" ಎಂದ ಕೊನೆಗೆ. "ಮಂಜು ಇತ್ತಲ್ಲ. ಸುಳ್ಳೇನಲ್ಲ. ಆ ಮೂಲೆಗೊಂದು ಕ್ಯಾಮೆರಾನೂ ಹಾಕಿಸ್ತೀನಿ."

ರಜೆಯ ದಿನ ಒಡೀಲ್ ಆಸ್ಪತ್ರೆಗೆ ಹೋದಳು. ಯೂಲಾ ದಿಂಬಿಗೆ ಒರಗಿ ಕೂತು, ಉಪ್ಪಿಲ್ಲದ ಸೂಪನ್ನು ಶತ್ರುವಿನಂತೆ ನೋಡುತ್ತಿದ್ದಳು.

"ಬಾರೇ. ಇದ್ನ ಸೂಪ್ ಅಂತಾರಂತೆ. ಬಟ್ಟೆ ಒಗೆದ ನೀರಿಗೂ ಇದಕ್ಕಿಂತ ರುಚಿ ಇರುತ್ತೆ."

"ತಾಂತ್, ಈ ವಯಸ್ಸಲ್ಲಿ ಆ ದೋಣೀಲಿ ನಿಂಗೇನು ಕೆಲಸ?"

"ಅವನು ಸಾಯೋ ಹಿಂದಿನ ದಿನಾನೂ ಒಂದೇ ಮಾತು. ಒಡೀಲ್‌ಗೆ ಆ ಮೂಲೆ ಕಾಣಲ್ಲ, ಒಡೀಲ್‌ಗೆ ಆ ಮೂಲೆ ಕಾಣಲ್ಲ. ಮದುವೆ ಆದಾಗಿಂದ ನನ್ನ ಬಗ್ಗೆ ಅಷ್ಟು ಯೋಚನೆ ಮಾಡಿರ್ಲಿಲ್ಲ ಅವ್ನು." ಯೂಲಾ ಚಮಚ ಕೆಳಗಿಟ್ಟಳು. "ಸರಿ, ನಾನೇ ಹೋದೆ. ಸ್ಪ್ಯಾನರ್ ಅವನ ಜೊತೆ ಕಳಿಸ್ಬಿಟ್ಟಿದ್ನಲ್ಲ, ಅದಕ್ಕೆ ಅಡುಗೆಮನೆ ಕಬ್ಬಿಣದ ಸೌಟು ತಗೊಂಡು ಹೋಗ್ತಿದ್ದೆ. ಯಾರಿಗೂ ಕಾಣದ ಹಾಗೆ ಗೂಟದ ಹಿಂದೆ. ಕಂಡ್ರೆ ನನ್ನ ಮಗ ದೋಣಿ ಮಾರಿಬಿಡ್ತಿದ್ದ."

ಒಡೀಲ್‌ಗೆ ನಗುವೂ ಅಳುವೂ ಒಟ್ಟಿಗೆ ಬಂದವು. ಇಷ್ಟು ದಿನ ಎದೆ ಹಿಡಿದುಕೊಂಡು ಕೇಳಿದ್ದು ಸೌಟಿನ ಸದ್ದು. "ನಾನು ಏನೇನೋ ಅಂದ್ಕೊಂಡಿದ್ದೆ ತಾಂತ್. ಆ ಜಡಿಮಳೇಲೂ ಬಂದು ಬಡೀತಿದ್ಯಲ್ಲ, ಏನು ಹೆಂಗಸೋ ನೀನು."

ಯೂಲಾ ಹುಬ್ಬು ಗಂಟಿಕ್ಕಿದಳು. "ಮಳೇಲಾ? ಮಳೇಲಿ ನಾನೆಲ್ಲಿ ಬಂದೆ? ನನ್ನ ಮಂಡಿ ನಿಂಗೊತ್ತಿಲ್ವಾ? ಮೋಡ ಕಂಡ್ರೆ ಮಂಚ ಬಿಟ್ಟು ಇಳಿಯಲ್ಲ ನಾನು. ಬಿಸಿಲಿದ್ದ ದಿನ ಮಾತ್ರ. ಬಿದ್ದ ದಿನಾನೂ ನಾನು ಹೊರಟಾಗ ಆಕಾಶ ತಿಳಿಯಾಗೇ ಇತ್ತು, ಮಂಜು ಕವಿದಿದ್ದು ಆಮೇಲೆ. ಮಳೆ ದಿನ ಆ ಮೂಲೇಲಿ ಯಾರೂ ಕೂರಲ್ಲ ಅಂತ ನನ್ನ ಧೈರ್ಯ."

ಹೊರಗೆ ಯಾರೋ ಗಾಲಿಕುರ್ಚಿ ತಳ್ಳಿಕೊಂಡು ಹೋದರು.

"ಮಳೆ ದಿನ ಬಡಿತ ದಪ್ಪಗಿರ್ತಿತ್ತು" ಎಂದಳು ಒಡೀಲ್.

ಯೂಲಾ ಕಿಟಕಿಯ ಕಡೆ ನೋಡಿದಳು. ಗಂಡ ಮನೆಗೆ ತಡವಾಗಿ ಬಂದ ದಿನಗಳಲ್ಲಿ ಬಾಗಿಲ ಕಡೆ ನೋಡುತ್ತಿದ್ದುದೂ ಹೀಗೆಯೇ ಇರಬೇಕು. "ನಾನು ಬಿದ್ದಿದ್ದ ದಿನ?"

"ಒಂದೂ ಇಲ್ಲ ತಾಂತ್. ಪೂರ್ತಿ ಸುಮ್ಮನೆ."

"ಬದುಕಿರೋವಾಗ ಸುಮ್ಮನಿರು ಅಂತ ಬಡ್ಕೊಂಡ್ರೂ ಬಾಯಿ ಮುಚ್ತಿರ್ಲಿಲ್ಲ" ಎಂದಳು ಯೂಲಾ. "ಈಗ ಕಲಿತಿದಾನೆ." ಸೂಪಿನ ಬಟ್ಟಲನ್ನು ಹತ್ತಿರಕ್ಕೆ ಎಳೆದುಕೊಂಡು, ತಳ ಕಾಣುವವರೆಗೆ ಕುಡಿದಳು.

ಹಾರ್ಮನ್ ಮಾತು ಉಳಿಸಿಕೊಂಡ. ಗೂಟಗಳ ಮೂಲೆಗೆ ಹೊಸ ಕ್ಯಾಮೆರಾ ಬಂತು, ಒಡೀಲ್‌ಳ ಎದುರು ಇನ್ನೊಂದು ಪರದೆ ಬಂತು. ಅದು ಬಂದ ವಾರವೇ ಒಂದು ಮಧ್ಯಾಹ್ನ ಜೋರು ಮಳೆ ಹಿಡಿಯಿತು. ರೈಲು ದಾರಿ ಕೇಳಿದಾಗ ಹಾರ್ಮನ್ ಏನೋ ನೆಪ ಮಾಡಿಕೊಂಡು ಅವಳ ಕುರ್ಚಿಯ ಹಿಂದೆ ಬಂದು ನಿಂತ.

ಹೊಸ ಪರದೆಯಲ್ಲಿ ಮೂಲೆ ಸ್ಪಷ್ಟವಾಗಿತ್ತು. ದೋಣಿಯಿಲ್ಲ, ಮನುಷ್ಯರಿಲ್ಲ. ಪಾಚಿ ಹಿಡಿದ ಗೂಟಗಳು, ಅಂಚಿನ ಕಬ್ಬಿಣದ ಪಟ್ಟಿ, ಮಳೆಹನಿಗೆ ಕುದಿಯುತ್ತಿರುವ ನೀರು. ದೀಪಗಳೆಲ್ಲ ಹಸಿರು. ಕಾಯಲು ಇನ್ನು ಯಾವ ಕಾರಣವೂ ಇರಲಿಲ್ಲ. ಒಡೀಲ್ ಬೆರಳನ್ನು ಗುಂಡಿಯ ಮೇಲಿಟ್ಟುಕೊಂಡು ಕೂತಿದ್ದಳು. ಹಾರ್ಮನ್ ಒತ್ತು ಎನ್ನಲಿಲ್ಲ. ರೈಲಿನವನು ಇನ್ನೊಮ್ಮೆ ಕೇಳಿದ. ಇಬ್ಬರೂ ಮೈಕಿಗೆ ಕಿವಿಗೊಟ್ಟಿದ್ದರು.

ಎರಡು ಬಡಿತ, ದಪ್ಪಗೆ. ಪರದೆಯ ಮೇಲೆ ಕಬ್ಬಿಣದ ಪಟ್ಟಿಯಿಂದ ನೀರು ಸಿಡಿದಂತೆ ಕಂಡಿತು. ಮಳೆಗೇ ಸಿಡಿದಿರಲೂಬಹುದು. ಉಸಿರು. ಮತ್ತೊಂದು.

ಹಾರ್ಮನ್ ಪರದೆಗೆ ಇನ್ನಷ್ಟು ಬಗ್ಗಿ ನೋಡಿದ. "ಮಳೆ ಬಿದ್ರೆ ಕಬ್ಬಿಣ ತಣ್ಣಗಾಗಿ ಹಾಗೆ ಸದ್ದು ಮಾಡುತ್ತೆ" ಎಂದ.

"ಹೌದು ಸರ್."

"ಈಗ ಇಳಿಸಿ" ಎಂದ ಅವನು.