ಅಪ್ಪನನ್ನು ಸಾಯಿಸಿದ ಹಾಡು

ಕಾಶಿಬಾಯಿಯ ತಲೆ ಮೊಸರುಗಡಿಗೆಯಾಗಿತ್ತು. ಮಗಳು ಅನುಶ್ರೀಯ ಮೊದಲ ಆಲ್ಬಮ್ ಬಿಡುಗಡೆಯಾದ ದಿನ ಅದು. ಅಮೆರಿಕದ ಮಾನ್ಮತ್ ಜಂಕ್ಷನ್ ಊರಿನ ತನ್ನ ಮನೆಗೆ ಕನ್ನಡದ ಮಂದಿಯನ್ನೆಲ್ಲ ಊಟಕ್ಕೆ ಕರೆದಿದ್ದಳು. ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಎಲ್ಲ ಸುಸೂತ್ರ. ಹಾಡುಗಳೇ ಅರ್ಥವಾಗುತ್ತಿರಲಿಲ್ಲ. ಕಂಟ್ರಿ ಮ್ಯೂಸಿಕ್ ಅಂತೆ, ಇಲ್ಲಿಯ ಹಳ್ಳಿ ಮಂದಿಯ ಹಾಡು. ಇಲ್ಲೇ ಹುಟ್ಟಿ, ಹೊಲವನ್ನು ಕಾರಿನ ಕಿಟಕಿಯಿಂದಷ್ಟೇ ಕಂಡವಳು, ತಲೆಗೆ ಟೋಪಿ, ಕಾಲಿಗೆ ಉದ್ದನೆ ಬೂಟು ಏರಿಸಿಕೊಂಡು ಮಣ್ಣು, ಕುದುರೆ, ಹಳೇ ಟ್ರಕ್ಕು ಅಂತ ಹಾಡಿದರೆ ಹೆತ್ತವಳು ಏನಂತ ತಿಳಿಯಬೇಕು? ಹೋಗಲಿ, ಖುಷಿಯಾಗಿದ್ದಾಳಲ್ಲ ಅಂದುಕೊಂಡು ಬಡಿಸುತ್ತಿದ್ದಳು.

ಕೊನೆಯ ಹಾಡು ಶುರುವಾಯಿತು. ಬಾಸ್ಕಿಂಗ್ ರಿಡ್ಜ್ ಊರಿನಿಂದ ಬಂದಿದ್ದ ದರ್ಶನ್ ಅಂಕಲ್‌ ಕೈಯ ತುತ್ತು ಅಲ್ಲೇ ನಿಂತಿತು. ಇದು ಮಾತ್ರ ಕಾಶಿಬಾಯಿಗೂ ತಿಳಿಯಿತು. ಹಾಡಿನಲ್ಲಿ ಅಪ್ಪ ಸತ್ತಿದ್ದ. ಮಗಳು ಅವನನ್ನು ಮಣ್ಣು ಮಾಡಿ ಬಂದು, ಅವನ ಹಳೇ ಕೋಟಿನ ಜೇಬಿಗೆ ಕೈ ಹಾಕುತ್ತಾಳೆ. ಜೇಬಿನ ಮೂಲೆಯಲ್ಲಿ ಅಡಿಕೆ ಚೂರು ಸಿಗುತ್ತದೆ. ಆ ಮನೆಯಲ್ಲಿ ಅಡಿಕೆ ಚಟ ಇದ್ದದ್ದು ಒಬ್ಬನಿಗೇ, ಸೋಫಾದ ಮೇಲೆ ಕೂತಿದ್ದ ಕಾಶಿಬಾಯಿಯ ಗಂಡ ವೀರೇಂದ್ರನಿಗೆ.

ಎಲ್ಲರೂ ಅವನ ಮುಖ ನೋಡಿದರು. "ಭಾರಿ ಹಾಡೀ ಬಿಡವಾ" ಅಂತ ಅವನೇ ಮೊದಲು ಚಪ್ಪಾಳೆ ತಟ್ಟಿದ. ಕಾಶಿಬಾಯಿಯ ಕೈ ತಾನಾಗಿಯೇ ತಾಳಿಗೆ ಹೋಯಿತು.

ಅದಕ್ಕೆ ಕಾರಣವಿತ್ತು. ವೀರೇಂದ್ರನ ಹೃದಯದ ವಾಲ್ವ್ ಕೆಟ್ಟಿದೆ ಅಂತ ಡಾಕ್ಟರು ಚಳಿಗಾಲದಲ್ಲೇ ಹೇಳಿದ್ದರು. ಬರುವ ವಾರ ಆಪರೇಷನ್. ಆಲ್ಬಮ್ ಮುಗಿಯುವ ತನಕ ಮಗಳ ಕಿವಿಗೆ ಬೀಳಬಾರದು ಅಂತ ಗಂಡ ಹೆಂಡತಿ ಬಾಯಿಗೆ ಬೀಗ ಹಾಕಿಕೊಂಡಿದ್ದರು. ಅತ್ತರೆ ಕೆಟ್ಟದ್ದನ್ನು ಕರೆದಂತೆ ಅಂತ ಹೆದರಿ ಆಕೆ ಇಲ್ಲಿಯವರೆಗೂ ಒಂದು ಹನಿ ಕಣ್ಣೀರು ಹಾಕಿರಲಿಲ್ಲ. ಈಗ ಏನೂ ಅರಿಯದ ಹುಡುಗಿಯ ಬಾಯಲ್ಲೇ ಇಂಥ ಮಾತು ಬಂದಿತ್ತು. ಬೈಯಬೇಕೋ, ದೇವರಿಗೆ ತುಪ್ಪದ ದೀಪ ಹಚ್ಚಬೇಕೋ, ಒಂದೂ ತಿಳಿಯಲಿಲ್ಲ.

ಮಂದಿ ಹೋದ ಮೇಲೆ ಮಗಳನ್ನು ಅಡಿಗೆಮನೆಗೆ ಕರೆದಳು.

"ಆ ಹಾಡು ತಗಸು."

"ಇಟ್ಸ್ ಔಟ್, ಅಮ್ಮ. ತಗಿಯಾಕ ಬರಂಗಿಲ್ಲ."

"ಗಟ್ಟಿಮುಟ್ಟಾಗಿರೋ ಅಪ್ಪನ್ನ ಯಾಕ ಸಾಯಿಸಿದಿ? ಬುದ್ಧಿಗಿದ್ಧಿ ಐತೋ ಇಲ್ಲೋ ನಿನಗ?"

ಅನುಶ್ರೀ ಬೂಟಿನ ತುದಿ ನೋಡುತ್ತ ನಿಂತಳು. "ಸರ್ಜರಿ ಬಗ್ಗೆ ನನಗ ಗೊತ್ತೈತಿ. ಅಜ್ಜಿ ಆವಾಗೇ ಹೇಳಿದ್ಲು."

ಇಳಕಲ್ಲಿನಲ್ಲಿರುವ ಅತ್ತೆ ನಿಂಗಮ್ಮನ ಕೆಲಸ. ಮಗ ಗುಟ್ಟಾಗಿ ಹೇಳಿದ್ದನ್ನು ವಿಡಿಯೋ ಕಾಲಿನಲ್ಲಿ ಮೊಮ್ಮಗಳ ಮುಂದೆ ಒದರಿದ್ದಾಳೆ. ಆ ಮುದುಕಿಯ ಬಾಯಲ್ಲಿ ಎಳ್ಳು ನೆನೆಯುವುದಿಲ್ಲ.

"ಅಜ್ಜಿ ಒಂದು ಕತಿ ಹೇಳಿದ್ಲು" ಅಂದಳು ಅನುಶ್ರೀ, ಕನ್ನಡವನ್ನು ಹುಡುಕಿ ಹುಡುಕಿ. "ತಲಿ ಮ್ಯಾಲೆ ಕಾಗಿ ಕುಂತ್ರ, ಆ ಮನುಷ್ಯ ಸತ್ತ ಅಂತ ಸುಳ್ಳು ಸುದ್ದಿ ಕಳಿಸ್ತಾರಂತ. ಕೇಳಿದವ್ರು ಅತ್ತುಬಿಟ್ರ ಖರೇ ಸಾವು ಹೋಗ್ತದಂತ. ಹೌದೇನು?"

ಕಾಶಿಬಾಯಿಗೆ ತನ್ನ ಕಾಕಾ ನೆನಪಾದ. ಅವನ ತಲೆಗೆ ಕಾಗೆ ಬಡಿದಾಗ ಹೀಗೇ ಸುದ್ದಿ ಕಳಿಸಿದ್ದರು. ಅವನ ತಂಗಿ ಎದೆ ಬಡಿದುಕೊಳ್ಳುತ್ತ ಓಡಿಬಂದು ನೋಡಿದರೆ, ಸತ್ತವನು ಜುಣಕ ರೊಟ್ಟಿ ತಿನ್ನುತ್ತ ಕೂತಿದ್ದ. ಆಮೇಲೆ ಮೊಮ್ಮಕ್ಕಳ ಮದುವೆ ಮಾಡಿಯೇ ಹೋದ.

"ಹೌದು" ಅಂದಳು.

"ಸುಳ್ಳು ಸುದ್ದಿ ಕಳಿಸಾಕ ನನಗಿಲ್ಲಿ ಯಾರದಾರ? ರೆಕಾರ್ಡಿಂಗ್ ಮುಗಿಯಾಕ ಬಂದಿತ್ತು, ಕೊನೀಗೆ ಇದೊಂದು ಸೇರಿಸಿದೆ. ಬಾಳ ಮಂದಿ ಅತ್ತಾರ, ಕಮೆಂಟ್ಸ್ ನೋಡು." ಅವಳು ಫೋನು ಮುಂದೆ ಹಿಡಿದಳು. "ಆದ್ರ ಸ್ವಂತದವ್ರೇ ಅಳಬೇಕಂತ. ನೀ ಅಳಲೇ ಇಲ್ಲ, ಅಮ್ಮ."

ಇದನ್ನು ನಂಬಬೇಕೋ, ಹುಚ್ಚು ಅನ್ನಬೇಕೋ ಕಾಶಿಬಾಯಿಗೆ ಈಗಲೂ ತಿಳಿಯಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು ಅಲ್ಲೇ ನೆಲದ ಮೇಲೆ ಕೂತಳು.

"ಇನ್ನೊಮ್ಮೆ ಹಚ್ಚು" ಅಂದಳು.

ಗಿಟಾರು ಶುರುವಾಯಿತು. ಅಡಿಕೆ ಚೂರಿನ ಸಾಲು ಬರುವಷ್ಟರಲ್ಲಿ ಆಕೆ ಹೋ ಎಂದು ಅಳತೊಡಗಿದ್ದಳು. ವೀರೇಂದ್ರ ಗಾಬರಿಯಾಗಿ ಓಡಿಬಂದ. "ಏನಾತು? ಯಾರಿಗೇನಾತು?"

"ನೀವು ಹೊರಗ ಹೋಗ್ರಿ" ಅಂದಳು ಕಾಶಿಬಾಯಿ, ಮಗಳನ್ನು ತಬ್ಬಿಕೊಂಡು ಬಿಕ್ಕುತ್ತ. "ಹಾಡು ಮುಗಿಯೋ ತನಕ ಒಳಗ ಬರಬ್ಯಾಡ್ರಿ."